ಹೆಲ್ಮೆಟ್ಟಿಗೊಂದು ಗವಸು

ನಮ್ಮ ಮನೆಯವರ ತಲೆ ದೊಡ್ಡದು. ಬುದ್ಧಿಯ ವಿಚಾರ ಆಮೇಲೆ ನೋಡೋಣ, ನಾನು ಹೇಳುತ್ತಿರುವುದು ಟೇಪು ಹಿಡಿದು ಅಳೆದ ಮಾತು. ನಾನು ಟೋಪಿ ಹೊಲಿಯುವವಳು. ಮದುವೆಗೆ ಮುಂಚಿನಿಂದಲೂ ಒಂದೇ ಕಾರ್ಖಾನೆ, ಒಂದೇ ಕಿಟಕಿ, ಅದರ ಪಕ್ಕದ ಒಂದೇ ಮೆಷಿನ್ನು. ಶಾಲೆಯ ಮಕ್ಕಳ ಟೋಪಿ, ಆಟಗಾರರ ಟೋಪಿ, ಸೈಕಲ್ ತುಳಿಯುವವರು ಬೆವರು ಕಣ್ಣಿಗಿಳಿಯದಿರಲೆಂದು ಹೆಲ್ಮೆಟ್ಟಿನ ಕೆಳಗೆ ಹಾಕುವ ತೆಳ್ಳನೆಯ ಟೋಪಿ, ಎಲ್ಲವೂ ನನ್ನ ಕೈಯಿಂದ ಹೋಗಿವೆ. ನಮ್ಮಲ್ಲಿ ಹೊಲಿಯುವ ಅತಿ ದೊಡ್ಡ ಅಳತೆಯೂ ಇವರಿಗೆ ಸಾಲುವುದಿಲ್ಲ. ಮದುವೆಯಾದ ಹೊಸದರಲ್ಲಿ ಪ್ರೀತಿಯಿಂದ ಒಂದು ಟೋಪಿ ಹೊಲಿದು ತಂದಿದ್ದೆ. ಅದು ಇವರ ನೆತ್ತಿಯ ಮೇಲೆ ಕೂತ ಚಂದ ನೋಡಿ ನನ್ನ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವವಳ ತಲೆಯೂ ಅಣ್ಣನದೇ ಅಚ್ಚು. ಸಾಲದ್ದಕ್ಕೆ ಅವಳಿಗೆ ಸೊಂಟ ದಾಟಿದ ಜಡೆ ಬೇರೆ.

ಅಣ್ಣ ತಂಗಿ ಇಬ್ಬರೂ ಸೈಕಲ್ ಮೇಲೆ ಪಾರ್ಸೆಲ್ ಹಂಚುವ ಕಂಪನಿಯಲ್ಲಿದ್ದರು. ಬೆಳಿಗ್ಗೆ ಗೋದಾಮಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಹೊರಟರೆ ಸಂಜೆಯವರೆಗೂ ರಸ್ತೆ, ಮೆಟ್ಟಿಲು, ಕಾಲಿಂಗ್ ಬೆಲ್ಲು. ಗೋದಾಮಿನಲ್ಲಿ ಇವರನ್ನು ಕೊಡಪಾನ ಎಂದೂ ಅವಳನ್ನು ಬಿಂದಿಗೆ ಎಂದೂ ಕರೆಯುತ್ತಿದ್ದರು. ಇಬ್ಬರೂ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವವರಲ್ಲ. ನಾವು ಮೂವರೂ ಒಂದೇ ಮನೆಯಲ್ಲಿದ್ದೆವು.

ಕೆಲಸಕ್ಕೆ ಸೇರಿದ ದಿನ ಕಂಪನಿಯವರು ಒಂದು ಕಿತ್ತಳೆ ಬಣ್ಣದ ಟೋಪಿ, ಒಂದು ಕಿತ್ತಳೆ ಬಣ್ಣದ ಹೆಲ್ಮೆಟ್ ಕೊಡುತ್ತಿದ್ದರು. ಹಣೆಯ ಮೇಲೆ ಬಿಳಿ ಅಕ್ಷರದಲ್ಲಿ ಕಂಪನಿಯ ಹೆಸರು. ಎಲ್ಲರಿಗೂ ಒಂದೇ ಅಳತೆ. ಕಂಪನಿಯ ಲೆಕ್ಕದಲ್ಲಿ ಜಗತ್ತಿಗೆಲ್ಲ ಒಂದೇ ತಲೆ. ಸಣ್ಣ ತಲೆಯವರು ಕೆಳಗೆ ಟೋಪಿ ಹಾಕಿ, ಅದರೊಳಗೆ ಕರ್ಚೀಫು ತುರುಕಿ ಭರ್ತಿ ಮಾಡಿಕೊಳ್ಳುತ್ತಿದ್ದರು. ದೊಡ್ಡ ತಲೆಯವರ ಪಾಡು ಕೇಳಬೇಡಿ. ಇವರದು ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ನೆತ್ತಿಯ ಮೇಲೆ ಕುಣಿಯುತ್ತಿತ್ತು. ನಾದಿನಿಯದು ಹಿಂದಕ್ಕೆ ಜಾರಿ ಹಣೆಯೆಲ್ಲ ಬಯಲು. ಬೇರೆ ಹೆಲ್ಮೆಟ್ ಹಾಕಿಕೊಂಡು ಹೋದರೆ ಗೇಟಿನಲ್ಲೇ ತಡೆದು ಮನೆಗೆ ಕಳಿಸುತ್ತಿದ್ದರು. ರಸ್ತೆಯ ಮೇಲೆ ಕಂಪನಿಯ ಬಣ್ಣ ಕಾಣಬೇಕು, ಅದರ ಕೆಳಗಿನ ತಲೆ ಏನಾದರೆ ಅವರಿಗೇನು.

"ರೀ, ಇದು ಹೆಲ್ಮೆಟ್ ಅಲ್ಲ, ಬೋರ್ಡು. ಅಂಗಡಿ ಮುಂದೆ ನೇತುಹಾಕೋದನ್ನ ನಿಮ್ಮ ತಲೆ ಮೇಲೆ ನೇತುಹಾಕಿದಾರೆ," ಅಂದೆ.

"ನನ್ನ ತಲೆ ಗಟ್ಟಿ ಇದೆ ಬಿಡೆ."

"ತಲೆ ಗಟ್ಟಿ ಇದೆ ಅಂತ ಬಂಡೆಗೆ ಚಚ್ಚಿಕೊಳ್ತಾರಾ? ನಡೀರಿ ಅಂಗಡಿಗೆ."

ಅವತ್ತು ರಜೆ. ಮೂವರೂ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವನು ತಾಳ್ಮೆಯ ಮನುಷ್ಯ, ಬಂದವರು ಬೆಲೆ ಕೇಳುವ ಮೊದಲೇ ತಲೆ ನೋಡುವವನು. ಇವರ ಕಣ್ಣು ಮಾತ್ರ ನೇರವಾಗಿ ಮೇಲಿನ ಸಾಲಿಗೆ ಹೋಯಿತು. ಅಲ್ಲಿ ಪಂದ್ಯದವರು ಹಾಕುವಂಥ, ಹಿಂಭಾಗ ಕೊಕ್ಕಿನಂತೆ ಚೂಪಾದ ಕರಿ ಹೆಲ್ಮೆಟ್ಟುಗಳಿದ್ದವು. ಒಂದನ್ನು ತಲೆಗೇರಿಸಿ ಕನ್ನಡಿಯ ಮುಂದೆ ನಿಂತು ಗದ್ದ ಆ ಕಡೆ ಈ ಕಡೆ ತಿರುಗಿಸಿದ್ದೇ ತಿರುಗಿಸಿದ್ದು. ಮದುವೆಯ ದಿನವೂ ಇಷ್ಟು ಹೊತ್ತು ಕನ್ನಡಿ ನೋಡಿರಲಿಲ್ಲ.

"ಚೆನ್ನಾಗಿ ಕಾಣುತ್ತೆ. ತೆಗೀಬೇಡಿ, ಹಾಗೇ ಹಾಕ್ಕೊಂಡು ಆ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ," ಅಂದ ಅಂಗಡಿಯವನು.

ಇವರು ಕೂತರು. ಅಷ್ಟರಲ್ಲಿ ಅವನು ನಾದಿನಿಗೆ ಒಂದೊಂದೇ ತೆಗೆದು ತೋರಿಸುತ್ತ ಹೋದ. ಹುಬ್ಬಿನಿಂದ ಮೇಲೆ ಎರಡು ಬೆರಳು ಮಾತ್ರ ಜಾಗ ಬಿಡಬೇಕು. ಪಟ್ಟಿಗಳು ಕಿವಿಯ ಕೆಳಗೆ ಬಂದು ಕೂಡಬೇಕು. ಗದ್ದದಡಿ ಒಂದು ಬೆರಳು ತೂರಬೇಕು, ಎರಡು ತೂರಬಾರದು. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲುಗಬೇಕು. ಕೆಳಗೆ ಹಾಕುವ ಟೋಪಿ ತೆಳ್ಳಗಿರಬೇಕು. ದಪ್ಪ ಬಟ್ಟೆ ಹಾಕಿದರೆ ಹೆಲ್ಮೆಟ್ ಮೇಲೆದ್ದು ನಿಲ್ಲುತ್ತದೆ. ಕೊನೆಯದನ್ನು ಅವನು ಹೇಳುವ ಮೊದಲೇ ನಾನು ಹೇಳಿದೆ. ನನ್ನ ಕಸುಬಿನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಅಭ್ಯಾಸ ನನಗಿಲ್ಲ.

ಸ್ವಲ್ಪ ಹೊತ್ತಿಗೆ ಸ್ಟೂಲಿನ ಮೇಲಿದ್ದವರ ಮುಖ ಹುಳಿಯಾಯಿತು. ಕಣತಲೆ ಒತ್ತುತ್ತಿದೆ ಅಂದರು. ತೆಗೆದು ನೋಡಿದರೆ ಎರಡೂ ಕಡೆ ಕೆಂಪು ಗೆರೆ.

"ಉದ್ದ ತಲೆಯವರಿಗೆ ಮಾಡಿರೋದು ಸ್ವಾಮಿ ಅದು. ನಿಮ್ಮದು ಗುಂಡು ತಲೆ. ಅಂಗಡೀಲೇ ಒತ್ತೋದನ್ನ ರಸ್ತೇಲಿ ತೆಗೆದು ಹ್ಯಾಂಡಲ್‌ಗೆ ನೇತುಹಾಕ್ತೀರಿ," ಅಂತ ಅವನು ಬೂದು ಬಣ್ಣದ, ನೋಡಲು ಸಪ್ಪೆಯಾದ, ಗುಂಡನೆಯ ದೊಡ್ಡ ಅಳತೆಯದೊಂದನ್ನು ತಂದು ಇವರ ತಲೆಗೆ ಇಳಿಸಿದ. ಹೆಲ್ಮೆಟ್ಟಿನ ಹಿಂಭಾಗದ ಪುಟ್ಟ ತಿರುಪು ತಿರುಗಿಸಿ ಬಿಗಿ ಮಾಡಿದ. ಅದು ಹೇಗೆ ಕೂತಿತೆಂದರೆ ಇವರಿಗೆ ತಲೆಯ ಮೇಲೆ ಏನೋ ಇದೆ ಎಂಬುದೇ ಮರೆತುಹೋಗಿ, ಹಣೆ ತುರಿಸಲು ಹೋಗಿ ಪ್ಲಾಸ್ಟಿಕ್ ತುರಿಸಿಕೊಂಡರು. ನಾದಿನಿ ಜಡೆ ಹೊರಗೆ ಬಿಡಲು ಹಿಂದೆ ಸಂದಿಯಿದ್ದ ತಿಳಿನೀಲಿ ಬಣ್ಣದ್ದನ್ನು ಆರಿಸಿಕೊಂಡಳು.

"ತಗೊಂಡು ಏನ್ಮಾಡೋದು? ಗೇಟಲ್ಲಿ ಬಿಡಲ್ಲ," ಅಂದರು ಇವರು.

"ಅದನ್ನ ನನಗೆ ಬಿಡಿ," ಅಂದೆ.

ಮನೆಗೆ ಬಂದು ಕಂಪನಿ ಕೊಟ್ಟ ಹಳೆಯ ಟೋಪಿಗಳ ಹೊಲಿಗೆ ಬಿಚ್ಚಿದೆ. ಹೆಲ್ಮೆಟ್ಟಿನ ಮೇಲೆ ಪೇಪರ್ ಇಟ್ಟು, ಗುಂಡಾದ ಕಡೆಯಲ್ಲೆಲ್ಲ ಮಡಿಸಿ, ಆರು ಎಸಳಿನ ಪ್ಯಾಟರ್ನ್ ತೆಗೆದೆ. ಗಾಳಿ ಆಡುವ ಕಿಂಡಿಗಳ ಮೇಲೆ ಅದೇ ಬಣ್ಣದ ಬಲೆ ಬಟ್ಟೆ ಕೂರಿಸಿದೆ, ಇಲ್ಲದಿದ್ದರೆ ತಲೆ ಬೆಂದುಹೋಗುತ್ತದೆ. ಕೆಳಗೆ ಸುತ್ತಲೂ ಎಲಾಸ್ಟಿಕ್. ಕಂಪನಿಯ ಹೆಸರಿದ್ದ ತುಂಡನ್ನು ಹಣೆಯ ಮೇಲೆ, ಅದು ಇರಬೇಕಾದ ಜಾಗದಲ್ಲೇ ಇಟ್ಟೆ. ಒಳ ಅಂಚಿನ ಹೊಲಿಗೆಯನ್ನು ನನ್ನ ಅಭ್ಯಾಸದಂತೆ ಎರಡು ಸಲ ಓಡಿಸಿದೆ. ಹೆಲ್ಮೆಟ್ಟಿಗೆ ತೊಡಿಸಿ ಬಾಗಿಲಿಂದ ನಿಂತು ನೋಡಿದರೆ ನನಗೇ ಗುರುತು ಸಿಗಲಿಲ್ಲ. ನಾದಿನಿ ಮಾತ್ರ ತನ್ನ ತಿಳಿನೀಲಿ ಮುಚ್ಚಿಹೋಯಿತೆಂದು ಒಂದು ಗಳಿಗೆ ಮುಖ ಬಾಡಿಸಿಕೊಂಡಳು. ಆಮೇಲೆ, "ಒಳಗೆ ನೀಲಿ ಇದೆ ಅಂತ ನನಗೆ ಗೊತ್ತಿದ್ದರೆ ಸಾಕು ಅತ್ತಿಗೆ," ಅಂದಳು.

ಗೇಟಿನಲ್ಲಿ ಆಗ ಮೀಸೆ ತಾತ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕರಿದ್ದರು. ಅವರು ಬಣ್ಣ ನೋಡಿ ಕೈ ಆಡಿಸಿ ಬಿಡುವವರು. ಅಣ್ಣ ತಂಗಿ ಸಲೀಸಾಗಿ ದಾಟಿದರು. ವಿಷಯ ಸೈಕಲ್ಲಿನವರ ನಡುವೆ ಬಾಯಿಂದ ಬಾಯಿಗೆ ಹರಡಿ, ನಮ್ಮ ಮನೆಯ ಬಾಗಿಲಿಗೆ ಒಬ್ಬೊಬ್ಬರೇ ಬರತೊಡಗಿದರು. ತಮ್ಮ ತಮ್ಮ ತಲೆಗೆ ಸರಿಹೋಗುವ ಹೆಲ್ಮೆಟ್ ಕೊಂಡು ತಂದು, ಇದಕ್ಕೊಂದು ಗವಸು ಅಕ್ಕಾ ಎನ್ನುತ್ತಿದ್ದರು. "ಕಂಪನಿಗೆ ಟೋಪಿ ಹಾಕೋಕೆ ಟೋಪಿ ಹೊಲಿಯೋರೇ ಬೇಕಾಯ್ತು ನೋಡಿ," ಅಂತ ಒಬ್ಬ ನಗಿಸಿದ. ನಾನು ಕಾರ್ಖಾನೆಯ ಊಟದ ಬಿಡುವಿನಲ್ಲಿ ಕೂತು ಹೊಲಿದುಕೊಟ್ಟೆ. ಹೊಲಿಗೆಯಲ್ಲಿ ಅಷ್ಟು ಖುಷಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಇವರು ಬಿದ್ದದ್ದು ಮಧ್ಯಾಹ್ನ, ಜನ ತುಂಬಿದ ರಸ್ತೆಯಲ್ಲಿ. ನಿಂತಿದ್ದ ಕಾರಿನವನು ಹಿಂದೆ ನೋಡದೆ ಬಾಗಿಲು ತೆಗೆದ. ಇವರು ಬಾಗಿಲಿಗೆ ಬಡಿದು, ಹಾರಿ, ಫುಟ್‌ಪಾತಿನ ಅಂಚುಕಲ್ಲಿಗೆ ತಲೆ ಕೊಟ್ಟರು. ನಾನು ಆಸ್ಪತ್ರೆಗೆ ಓಡಿದಾಗ ಎಚ್ಚರವಾಗಿದ್ದರು. ಬಲ ಮಣಿಕಟ್ಟು ಪುಡಿಯಾಗಿತ್ತು. ಡಾಕ್ಟರು ಪ್ಲಾಸ್ಟಿಕ್ ಚೀಲದಲ್ಲಿದ್ದ ಹೆಲ್ಮೆಟ್ ತೋರಿಸಿದರು. ಹಣೆಯ ಎಡಕ್ಕೆ ಒಳಗಿನ ಬಿಳಿ ಥರ್ಮಕೋಲು ಹಪ್ಪಳದ ಹಾಗೆ ಒಡೆದಿತ್ತು. "ಇದು ಒಡೆಯದೇ ಇದ್ದಿದ್ದರೆ ತಲೆ ಒಡೀತಿತ್ತು. ತಂದುಕೊಟ್ಟವರಿಗೆ ಕೈಮುಗೀರಿ," ಅಂದರು. ನಾದಿನಿ ನನ್ನ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ನಾನು ಅಳಲಿಲ್ಲ, ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ಕೈಗೆ ಕಂಬಿ ಹಾಕಿ ಕಟ್ಟಿದರು. ಬಿಚ್ಚಿದ ಮೇಲೆ ಬೆರಳು ಮಡಿಸಲು ಬಂತು, ಬಿಗಿ ಹಿಡಿಯಲು ಬರಲಿಲ್ಲ. ಲೋಟ ಹಿಡಿದರೆ ಜಾರುತ್ತಿತ್ತು. ಬ್ರೇಕ್ ಹಿಡಿಯದ ಕೈಗೆ ಸೈಕಲ್ ಎಲ್ಲಿಂದ. ಇವರಿಗೆ ಓದು ಇಲ್ಲ, ಬೇರೆ ಕಸುಬು ಗೊತ್ತಿಲ್ಲ. ಹುಡುಗನಾಗಿದ್ದಾಗಿನಿಂದ ತುಳಿದದ್ದೊಂದೇ. ದಿನವೆಲ್ಲ ಗೋಡೆ ನೋಡಿಕೊಂಡು ಕೂರುತ್ತಿದ್ದರು. "ಇನ್ನು ನಾನು ನಿನ್ನ ಟೋಪಿ ಮೇಲೆ ಬದುಕಬೇಕು," ಎಂದು ಒಂದು ದಿನ ಹೇಳಿದರು.

ಆಗ ಬಂದ ಗೋದಾಮಿನ ಮ್ಯಾನೇಜರ್. ದಾರಿಹೋಕರು ಯಾರೋ ತೆಗೆದ ಫೋಟೋ ಮೊಬೈಲಿಂದ ಮೊಬೈಲಿಗೆ ಓಡಾಡಿತ್ತಂತೆ: ಕಲ್ಲಿನ ಪಕ್ಕ ಇವರು ಎದ್ದು ಕೂತಿದ್ದಾರೆ, ತಲೆಯ ಮೇಲೆ ಜಜ್ಜಿಹೋದ ಕಿತ್ತಳೆ ಹೆಲ್ಮೆಟ್, ಅದರ ಮೇಲೆ ಕಂಪನಿಯ ಹೆಸರು ಲಕಲಕ ಹೊಳೆಯುತ್ತಿದೆ. ಮೇಲಿನ ಆಫೀಸಿನವರು ಹಿಗ್ಗಿದ್ದಾರೆ. ಆ ಹೆಲ್ಮೆಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೋದಾಮಿನ ಬಾಗಿಲಲ್ಲಿ ಇಡಬೇಕಂತೆ. ಕೊಡಿ ನೋಡೋಣ ಅಂದ.

ನಾನು ತಂದುಕೊಟ್ಟೆ. ಕೊಡಬಾರದಿತ್ತೋ ಏನೋ. ಮ್ಯಾನೇಜರ್ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿದ. ಎಲಾಸ್ಟಿಕ್ಕಿಗೆ ಬೆರಳು ಸಿಕ್ಕಿತು. ಎತ್ತಿ ನೋಡಿದ. ಕಿತ್ತಳೆಯ ಕೆಳಗೆ ಬೂದು ಕಂಡಿತು. ಅವನು ಗವಸನ್ನು ಮತ್ತೆ ಸರಿಯಾಗಿ ಎಳೆದು, ಮಗುವಿನ ಲಂಗ ಸರಿಮಾಡುವ ಹಾಗೆ ಸುತ್ತಲೂ ಸವರಿದ.

"ಯಾರು ಹೊಲಿದದ್ದು?"

"ನಾನು," ಅಂದೆ.

"ಕೈ ಚೆನ್ನಾಗಿದೆ ತಾಯಿ. ಫೋಟೋದಲ್ಲಿ ಯಾರಿಗೂ ಗೊತ್ತಾಗಿಲ್ಲ."

ಆಮೇಲೆ ಅವನು ನನ್ನ ಜೊತೆ ಮಾತಾಡಲಿಲ್ಲ, ಇವರ ಕಡೆ ತಿರುಗಿದ. ಮಾತು ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಂತೆ. "ನೋಡಪ್ಪಾ, ಮೀಸೆ ತಾತ ಮುಂದಿನ ತಿಂಗಳು ಬಿಡ್ತಾರೆ. ಗೇಟಿಗೆ ನಂಬಿಕಸ್ಥರು ಬೇಕು. ಕುರ್ಚಿ ಕೆಲಸ, ಕೈಗೆ ತೊಂದರೆ ಇಲ್ಲ. ಒಂದು ದಿನ ಎಲ್ಲರ ಮುಂದೆ ನಿಂತು, ಕಂಪನಿ ಹೆಲ್ಮೆಟ್ಟೇ ನನ್ನನ್ನ ಉಳಿಸಿದ್ದು ಅಂತ ಎರಡು ಮಾತು ಹೇಳಬೇಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಇಲ್ಲಾಂದ್ರೆ ಕಂಪನಿಗೆ ಮೋಸ ಮಾಡಿದ ಅಂತ ನಾನು ಮೇಲಕ್ಕೆ ಹೇಳಬೇಕಾಗುತ್ತೆ. ನನಗೂ ಇಷ್ಟ ಇಲ್ಲ."

"ಅದನ್ನೇ ಹಾಕಿದ್ದರೆ ಇವತ್ತು ಇವರ ಫೋಟೋಕ್ಕೆ ಹಾರ ಹಾಕಿರ್ತಿದ್ದೆ," ಅಂದೆ ನಾನು. "ಇವರು ಹಾಗೆ ಹೇಳಿದರೆ ಉಳಿದವರೆಲ್ಲ ಅದನ್ನ ನಂಬಿಕೊಂಡು ಹೋಗಬೇಕಾ? ನಿಮ್ಮ ಮಗನಿಗೆ ಹಾಕ್ತೀರಾ ಆ ಹೆಲ್ಮೆಟ್ಟನ್ನ?"

ಮ್ಯಾನೇಜರ್ ಇವರ ಮುಖವನ್ನೇ ನೋಡುತ್ತಿದ್ದ. ಇವರು ತಮ್ಮ ಬಲಗೈಯನ್ನು ನೋಡುತ್ತಿದ್ದರು.

"ಯಾವತ್ತು ಬರಬೇಕು ಸಾರ್?" ಅಂದರು.

ಅವನು ಹೋದ ಮೇಲೆ ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಇವರು ತಿರುಗಿ ಬೈಯಲಿಲ್ಲ. "ಬೈ, ಎಷ್ಟು ಬೇಕಾದರೂ ಬೈ. ಆದರೆ ಈ ಕೈಗೆ ಬೇರೆ ಯಾರು ಕೆಲಸ ಕೊಡ್ತಾರೆ ಅಂತ ಒಂದು ಹೆಸರು ಹೇಳಿಬಿಡು. ನಾಳೆಯೇ ಅಲ್ಲಿಗೆ ಹೋಗ್ತೀನಿ," ಅಂದರು. ಕೋಪ ನನ್ನ ಕೈಯ ಮೇಲೇ ಬಂತು. ದರಿದ್ರದ್ದು, ನಾನು ಅಷ್ಟು ನೀಟಾಗಿ ಹೊಲಿಯದೇ ಇದ್ದಿದ್ದರೆ ಸಾಕಿತ್ತು. ಅರ್ಧಂಬರ್ಧ ಹೊಲಿದಿದ್ದರೆ ಫೋಟೋದಲ್ಲೇ ಬೂದು ಇಣುಕಿ, ಕಂಪನಿಗೆ ಈ ಕತೆಯೇ ಸಿಗುತ್ತಿರಲಿಲ್ಲ.

ಸಭೆಯ ದಿನ ಮನೆಯವರನ್ನೂ ಕರೆದಿದ್ದರು. ಪಾರ್ಸೆಲ್ ಇಳಿಸುವ ಕಟ್ಟೆಯ ಮೇಲೆ ಇವರು ನಿಂತರು, ಸೈಕಲ್ಲಿನವರು ಕೆಳಗೆ ಕೂತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಇವರ ಹೆಲ್ಮೆಟ್. ಗವಸಿನ ಅಂಚು ಅಲುಗದಂತೆ ಗೋಂದು ಹಾಕಿ ಅಂಟಿಸಿದ್ದರು. ನನ್ನ ಆಯುಷ್ಯದಲ್ಲಿ ನನ್ನ ಹೊಲಿಗೆ ಗಾಜಿನೊಳಗೆ ಕೂತದ್ದು ಅದೊಂದೇ ಸಲ.

ಇವರು ಮೊದಲು ತೊದಲಿದರು. ಆಮೇಲೆ ಮಾತು ಹರಿಯಿತು. ಕಲ್ಲಿಗೆ ಬಡಿದಾಗ ಬಂದ ಸದ್ದು, ಕಣ್ಣು ಕತ್ತಲಿಟ್ಟದ್ದು, ಡಾಕ್ಟರು ಹೇಳಿದ್ದು, ಎಲ್ಲವೂ ನಿಜವೇ. ನಿಜದ ನಡುವೆ ಆ ಒಂದು ಸುಳ್ಳನ್ನು ಎಷ್ಟು ಸುಲಭವಾಗಿ ಇಟ್ಟರೆಂದರೆ, ನನ್ನ ಪಕ್ಕ ನಿಂತಿದ್ದ ಮ್ಯಾನೇಜರನ ಹೆಂಡತಿ ಕಣ್ಣೊರೆಸಿಕೊಂಡಳು. ಕೆಳಗಿದ್ದವರು ಯಾರೂ ನಗಲಿಲ್ಲ, ಯಾರೂ ಪ್ರಶ್ನೆ ಕೇಳಲಿಲ್ಲ. ಅವರಲ್ಲಿ ಎಷ್ಟೋ ಜನರ ತೊಡೆಯ ಮೇಲೆ ನಾನು ಹೊಲಿದ ಗವಸಿನ ಹೆಲ್ಮೆಟ್ಟುಗಳೇ ಇದ್ದವು. ಬಾಯಿ ಬಿಟ್ಟರೆ ತಮ್ಮದೂ ಬಿಚ್ಚಿಕೊಳ್ಳುತ್ತದೆ. ಎಲ್ಲ ಗೊತ್ತಿದ್ದೂ ಚಪ್ಪಾಳೆ ತಟ್ಟಿದರು. ನಾದಿನಿ ಚಪ್ಪಾಳೆ ತಟ್ಟಲಿಲ್ಲ. ಅಣ್ಣ ಕಟ್ಟೆಯಿಂದ ಇಳಿದು ಬಂದಾಗ ನೀರಿನ ಬಾಟಲಿ ಕೊಟ್ಟಳು, ಅಷ್ಟೇ.

ಹೀಗೆ ಇವರು ಗೇಟಿನವರಾದರು. ಕುರ್ಚಿ, ಕೊಡೆ, ಬಿಳಿ ಅಂಗಿ. ಮೊದಮೊದಲು ಮೀಸೆ ತಾತನ ಹಾಗೆ ಕೈ ಆಡಿಸಿ ಎಲ್ಲರನ್ನೂ ಬಿಟ್ಟರು. ಹೋಗಲಿ, ಒಂದು ಸುಳ್ಳಿನಿಂದ ಹೊಟ್ಟೆ ತುಂಬಿತು, ಯಾರ ತಲೆಗೂ ಕುತ್ತು ಬರಲಿಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ. ಮನೆಯಲ್ಲಿ ಮತ್ತೆ ಒಂದೆರಡು ನಗೆಯ ಮಾತು ಶುರುವಾಯಿತು.

ಆದರೆ ಸುಳ್ಳು ಹೇಳಿಸಿದವನಿಗೆ ನಿದ್ದೆ ಬರಬೇಕಲ್ಲ. ಇನ್ನೊಬ್ಬ ಯಾರಾದರೂ ಬಿದ್ದು, ಗವಸು ಹರಿದು, ಒಳಗಿನ ಬಣ್ಣ ಬೀದಿಯಲ್ಲಿ ಕಂಡರೆ ಗಾಜಿನ ಪೆಟ್ಟಿಗೆಯ ಮರ್ಯಾದೆ ಏನಾಗಬೇಕು? ಮ್ಯಾನೇಜರ್ ಒಂದು ಬೆಳಿಗ್ಗೆ ಗೇಟಿಗೆ ಬಂದು ಇವರ ಹೆಗಲ ಮೇಲೆ ಕೈಯಿಟ್ಟ. ಇನ್ನು ಮೇಲೆ ಮುಟ್ಟಿ ನೋಡಿ ಬಿಡಬೇಕು, ಯಾವುದು ಗವಸು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂದ. ನಿಜವೇ. ಉಳಿದವರು ಸಾಲುಗಟ್ಟಿ ನಿಂತು ನೋಡಿದರೂ ಗೊತ್ತಾಗದ್ದು ಇವರ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಒಳ ಅಂಚಿನಲ್ಲಿ ಎರಡು ಸಲ ಓಡಿಸಿದ ಹೊಲಿಗೆ ನನ್ನದು. ಇವರು ಅದನ್ನು ತಮ್ಮ ತಲೆಯ ಮೇಲೆ ಹೊತ್ತು ತಿರುಗಿದವರು.

ಅವತ್ತು ಸಂಜೆ ಇವರು ಒಂದು ಚೀಲ ತಂದು ಮೂಲೆಯಲ್ಲಿಟ್ಟರು. ಬಿಚ್ಚಿದರೆ ಎಲ್ಲ ನನ್ನ ಗವಸುಗಳು. ಕಿತ್ತು ತೆಗೆದ ಅವಸರಕ್ಕೆ ಕೆಲವದರ ಎಲಾಸ್ಟಿಕ್ ಹರಿದಿತ್ತು.

"ಬಿಸಾಡು ಅಂದ್ರು. ನಿನ್ನ ಬಟ್ಟೆ ಅಲ್ವಾ, ಅದಕ್ಕೇ ತಂದೆ," ಅಂದರು.

"ಇದನ್ನ ಹಾಕಿದ್ದವರು ಏನು ಹಾಕ್ಕೊಂಡು ಹೋದ್ರು?"

"ಕಂಪನೀದು."

"ಬೇಲೀನೇ ಎದ್ದು ಹೊಲ ಮೇಯ್ತಂತೆ. ಅವರ ಬಿಳಿ ಅಂಗಿ ನಿಮಗೆ ಚೆನ್ನಾಗಿ ಒಪ್ಪುತ್ತೆ ಬಿಡಿ."

"ನಾನು ನಿಯಮ ಮಾಡಿದವನಲ್ಲ."

"ನಿಯಮ ಮಾಡಿದವರ ಬೆರಳಿಗೆ ಇದು ಗೊತ್ತಾಗ್ತಿರಲಿಲ್ಲ. ನಿಮ್ಮ ಬೆರಳಿಗೆ ಗೊತ್ತಾಯ್ತು."

ಇವರು ಎದ್ದು ಹೊರಗೆ ಹೋದರು. ನಾದಿನಿ ಚೀಲದಲ್ಲಿದ್ದ ಗವಸುಗಳನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟಳು. ಅವಳದು ಅದರಲ್ಲಿರಲಿಲ್ಲ. ತಂಗಿಯ ಹೆಲ್ಮೆಟ್ ಬಂದಾಗ ಅಣ್ಣನ ಕೈ ಮೇಲೆ ಮೇಲಷ್ಟೇ ಸವರಿ ಬಿಟ್ಟಿತ್ತಂತೆ. ಅದನ್ನು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಬೇರೆಯವರ ಮಕ್ಕಳು ಹಾಳಾಗಿ ಹೋಗಲಿ ಎಂಬ ಸಂತೋಷ ಅದು, ಒಳ್ಳೆಯದಲ್ಲ. ಆದರೂ ಆಯಿತು.

ಎಷ್ಟು ದಿನ ನಡೆಯುತ್ತದೆ ಅದು. ಸಾಲಿನಲ್ಲಿ ನಿಂತವರಿಗೆ ಕಣ್ಣಿಲ್ಲವೇ. ತಂಗಿಗೊಂದು ನ್ಯಾಯ, ನಮಗೊಂದು ನ್ಯಾಯ ಎಂದು ಒಬ್ಬ ಗಟ್ಟಿಯಾಗಿಯೇ ಹೇಳಿದ. ಹಿಂದಿನಿಂದ ಇನ್ನೊಬ್ಬ, ಬಿಂದಿಗೆಯ ಮುಚ್ಚಳ ತೆಗೆಯೋ ಕೊಡಪಾನ ಅಂದ. ಎಲ್ಲರೂ ನಕ್ಕರು. ಆ ನಗೆಗೆ ಇವರ ಮುಖ ಕೆಂಪಾಯಿತಂತೆ. ತಂಗಿಯನ್ನು ಕರೆದು, ಎಲ್ಲರ ಮುಂದೆ ಅವಳ ಗವಸನ್ನು ಎಳೆದು ತೆಗೆದರು. ಒಳಗಿನ ತಿಳಿನೀಲಿ ಗೋದಾಮಿಗೆಲ್ಲ ಕಂಡಿತು. "ಒಳಗೆ ಹೋಗಿ ಕಂಪನೀದು ಹಾಕ್ಕೊಂಡು ಬಾ," ಅಂದರಂತೆ. ಅವಳು ಹಾಕಿಕೊಂಡು ಬಂದಳು. ಅದು ಹಿಂದಕ್ಕೆ ಜಾರಿ ಜಡೆಯ ಮೇಲೆ ಕೂತದ್ದನ್ನು ನೋಡಿಯೂ ಇವರು ಗೇಟು ತೆರೆದರು. ಇದನ್ನೆಲ್ಲ ನನಗೆ ಹೇಳಿದ್ದು ಸಾಲಿನಲ್ಲಿದ್ದ ಇನ್ನೊಬ್ಬಳು.

ನಾನು ನಾದಿನಿಗೆ, ಆ ಕೆಲಸ ಬಿಡು, ನಮ್ಮ ಕಾರ್ಖಾನೆಯಲ್ಲಿ ಕೇಳುತ್ತೇನೆ ಅಂದೆ. ಮೆಷಿನ್ನಿನ ಮುಂದೆ ಕೂತರೆ ನನಗೆ ಉಸಿರು ಕಟ್ಟುತ್ತದೆ ಅತ್ತಿಗೆ, ನನಗೆ ರಸ್ತೆಯೇ ಬೇಕು ಅಂದಳು. ಅವಳಿಗೆ ಸೈಕಲ್ ಎಂದರೆ ಪ್ರಾಣ. ಅದು ನನಗೆ ಮೊದಲೇ ಗೊತ್ತಿತ್ತು.

ಮರುದಿನ ಸಂಜೆ ಅವಳು ತಲೆಗೆ ದುಪಟ್ಟಾ ಸುತ್ತಿಕೊಂಡು ಬಂದಳು. ತೆಗೆದಾಗ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಜಡೆ ಇರಲಿಲ್ಲ. ಕಿವಿಯ ಮೇಲಕ್ಕೆ, ಗಂಡಸರ ಹಾಗೆ ಕತ್ತರಿಸಿಬಿಟ್ಟಿದ್ದಳು. ಕುತ್ತಿಗೆ ಬೋಳಾಗಿ, ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದಳು. ಚಿಕ್ಕಂದಿನಲ್ಲಿ ಆ ಜಡೆ ಹೆಣೆಯುತ್ತಿದ್ದದ್ದು ಇವರೇ. ತಾಯಿ ಇಲ್ಲದ ಮನೆಯಲ್ಲಿ ಅಣ್ಣನೇ ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಶಾಲೆಗೆ ಕಳಿಸಿದವರು. ಇವರು ತಟ್ಟೆಯ ಮುಂದೆ ಕೂತಿದ್ದರು. ನೋಡಿದರು.

"ಜಡೆ ಅಡ್ಡ ಬರ್ತಿತ್ತು ಅಣ್ಣ. ಈಗ ಕೆಳಗೆ ಇಳಿಯುತ್ತೆ," ಅಂದಳು. ಚೀಲದಿಂದ ಕಂಪನಿಯ ಹೆಲ್ಮೆಟ್ ತೆಗೆದು ಹಾಕಿಕೊಂಡಳು. ಪಟ್ಟಿ ಬಿಗಿದಳು. ಬಂದು ಅಣ್ಣನ ಎದುರು ಮಂಡಿಯೂರಿ ಕೂತು, ತಲೆಯನ್ನು ಮುಂದಕ್ಕೆ ಚಾಚಿದಳು. "ಗೇಟಿನವನಾಗಿ ಬೇಡ. ಅಣ್ಣನಾಗಿ ಮುಟ್ಟಿ ನೋಡಿ ಹೇಳು. ಸರಿಯಾಗಿ ಕೂತಿದೆಯಾ?"

ಇವರು ಮುಟ್ಟಲಿಲ್ಲ. ಕೂತಲ್ಲಿಂದಲೇ ಒಂದು ಸಲ ನೋಡಿದರು.

"ಸರಿಯಾಗಿದೆ," ಅಂದರು.

ನಾನು ಒಲೆ ಬಿಟ್ಟು ಬಂದೆ. ಅವಳ ಹಣೆಯ ಮುಂದೆ ಹೆಲ್ಮೆಟ್ಟಿನ ಅಂಚಿಗೆ ಅಂಗೈ ಒತ್ತಿ ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ಜಾಸ್ತಿ ಬಲ ಬೇಕಾಗಲಿಲ್ಲ. ಅದು ಜಾರಿ ಕುತ್ತಿಗೆಯ ಮೇಲೆ ಹೋಗಿ ನಿಂತಿತು. ಹಣೆ, ನೆತ್ತಿ, ಎಲ್ಲ ಬಯಲು. ಜಡೆಯದೇನೂ ತಪ್ಪಿರಲಿಲ್ಲ. ಒಳಗಿನ ತಲೆಯೇ ದೊಡ್ಡದು. ಪಾಪದ ಹುಡುಗಿ, ಒಂದು ಮಾತು ನನ್ನನ್ನು ಕೇಳಿದ್ದರೆ ಟೇಪು ಹಿಡಿದು ಹೇಳುತ್ತಿದ್ದೆ, ಕೂದಲು ಉಳಿಯುತ್ತಿತ್ತು.

"ಈಗ ನೋಡಿ ಹೇಳಿ," ಅಂದೆ.

ಇವರು ತಂಗಿಯ ಹಣೆಯನ್ನು ನೋಡಿದರು. ಕಣ್ಣಲ್ಲಿ ನೀರು ಬಂತು, ಬಂದದ್ದು ನನಗೆ ಕಂಡಿತು. ಇನ್ನೇನು ಕೈ ಎತ್ತಿ ಆ ದರಿದ್ರದ್ದನ್ನು ಕಿತ್ತು ಬಿಸಾಡುತ್ತಾರೆ ಅಂದುಕೊಂಡೆ. ಎಡಗೈಯಲ್ಲಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸರಿಯಾಗಿದೆ ಅಂದ್ನಲ್ಲ. ನಾಳೆ ಹೊತ್ತಿಗೆ ಸರಿಯಾಗಿ ಬಾ, ತಡ ಮಾಡಬೇಡ," ಅಂದರು.

"ಆಯ್ತು ಬಿಡಿ ಅತ್ತಿಗೆ," ಎಂದು ಅವಳು ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಹೆಲ್ಮೆಟ್ಟನ್ನು ತಾನೇ ಮುಂದಕ್ಕೆ ಎಳೆದುಕೊಂಡಳು.

ಇವರು ತಲೆ ಬಗ್ಗಿಸಿ ಉಣ್ಣತೊಡಗಿದರು. ಅಷ್ಟು ದೊಡ್ಡ ತಲೆ. ಒಂದು ಗೆರೆಯ ಗಾಯವೂ ಇಲ್ಲದೆ ಗುಂಡಗೆ ಉಳಿದುಕೊಂಡ ತಲೆ. ಅದನ್ನು ಉಳಿಸಲು ನಾನೇಕೆ ಅಷ್ಟು ಒದ್ದಾಡಿದೆನೋ ಎಂದು ಅವತ್ತು ನನಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನನಗೆ ನಾಚಿಕೆಯೂ ಆಗಲಿಲ್ಲ.